ಬಲಕ್ಕೆ ಬಾಗುವ ಚೆಂಡಿನ ಕಥೆ



ಗಾಲ್ಫ್ ಕಲಿಯಲು ಹೊರಟ ಗೆಳೆಯರಿದ್ದರೆ ಒಮ್ಮೆ ಕೇಳಿ ನೋಡಿ. ಹೆಚ್ಚಿನವರ ದೂರು ಒಂದೇ: "ನೇರಕ್ಕೆ ಹೊಡೆದರೂ ಚೆಂಡು ಬಲಕ್ಕೇ ಹೋಗುತ್ತದೆ." ಬಲಗೈ ಆಟಗಾರರ ಈ ಕಾಯಿಲೆಗೆ 'ಸ್ಲೈಸ್' ಎಂದು ಹೆಸರು. ಎಡಗೈಯವರಿಗೆ ಚೆಂಡು ಎಡಕ್ಕೆ ಬಾಗುತ್ತದೆ, ಅಷ್ಟೇ. ಇದರ ಮೂಲ ಹುಡುಕಿದವರ ಕಥೆ ಮುನ್ನೂರು ವರ್ಷಗಳಿಗೂ ಹಳೆಯದು.

ಓರೆಯಾಗಿ ಹಿಡಿದ ಬ್ಯಾಟಿನಿಂದ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ಕಂಡಿದ್ದೇನೆಂದು ನ್ಯೂಟನ್ 1672ರಲ್ಲೇ ಬರೆದಿದ್ದ. 1850ರ ದಶಕದಲ್ಲಿ ಜರ್ಮನಿಯ ಮ್ಯಾಗ್ನಸ್ ಪ್ರಯೋಗ ಮಾಡಿ, ತಿರುಗುವ ವಸ್ತುವನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ ಎಂದು ತೋರಿಸಿದ. ನಮಗೇನೂ ಇದು ಹೊಸತಲ್ಲ. ಎರಪಳ್ಳಿ ಪ್ರಸನ್ನ ಅವರ ಚೆಂಡು ಗಾಳಿಯಲ್ಲೇ ಬ್ಯಾಟ್ಸ್‌ಮನ್‌ಗೆ ಮೋಸ ಮಾಡುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ನಿಯಮ.

ಗಾಲ್ಫ್ ಚೆಂಡಿನ ಲೆಕ್ಕ ಹಾಕಲು ಕೂತವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ಪೀಟರ್ ಗತ್ರಿ ಟೇಟ್. ರಜೆ ಬಂದರೆ ಸೇಂಟ್ ಆಂಡ್ರೂಸ್ ಮೈದಾನದಲ್ಲೇ ಅವರ ವಾಸ. ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್. ತಂದೆಯ ಪ್ರಯೋಗ ಬಹಳ ಸರಳ. ಚೆಂಡಿಗೆ ಉದ್ದದ ಪಟ್ಟಿಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ನೆಲಕ್ಕೆ ಸಿಕ್ಕಿಸಿ, ಒಳ್ಳೆಯ ಆಟಗಾರನಿಂದ ಎದುರಿನ ಜೇಡಿಮಣ್ಣಿನ ಗೋಡೆಗೆ ಹೊಡೆಸಿದರು. ಆಮೇಲೆ ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿದರು. ಚೆಂಡು ಸೆಕೆಂಡಿಗೆ ಸುಮಾರು 40ರಿಂದ 120 ಸುತ್ತು ತಿರುಗುತ್ತದೆಂದು ಗೊತ್ತಾಯಿತು!

ಸುತ್ತು ಎಂದರೆ ದೋಷವೇ ಎಂದು ಆಗ ನಂಬಿದವರಿದ್ದರು. ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದೇ ಅದರ ಹಿಮ್ಮುಖ ಸುತ್ತು ಎಂದು ಟೇಟ್ ತೋರಿಸಿದರು. ಆ ಸುತ್ತಿನ ಅಚ್ಚು ಒಂದು ಕಡೆಗೆ ವಾಲಿತೋ, ಎತ್ತುವ ಬಲವೂ ವಾಲುತ್ತದೆ, ಚೆಂಡು ಪಕ್ಕಕ್ಕೆ ಸರಿಯುತ್ತದೆ. ಸ್ಲೈಸ್ ಎಂದರೆ ಇಷ್ಟೇ. ಎತ್ತುವ ಬಲವೇ ದಾರಿ ತಪ್ಪಿಸುತ್ತದೆ.

ಈ ತಂದೆ-ಮಗನ ಜೋಡಿ ಹೆಚ್ಚು ಕಾಲ ಉಳಿಯಲಿಲ್ಲ. 1900ರ ಫೆಬ್ರವರಿಯಲ್ಲಿ ಫ್ರೆಡ್ಡಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮಡಿದ. ವಯಸ್ಸು ಆಗಷ್ಟೇ ಮೂವತ್ತು. ಮರುವರ್ಷ ಜುಲೈನಲ್ಲಿ ತಂದೆಯೂ ತೀರಿಕೊಂಡರು.

ಕಾರಣ ತಿಳಿಯಿತು, ಇನ್ನೇನು ಕಾಯಿಲೆ ವಾಸಿಯಾಯಿತು ಅಂದುಕೊಂಡಿರಾ? ಇಲ್ಲ. ಕೋಲು ಬೀಸಿದ ದಾರಿಯಲ್ಲಿ ಚೆಂಡು ಹೊರಡುತ್ತದೆ, ಕೋಲಿನ ಮುಖ ನೋಡುವ ಕಡೆಗೆ ಹೋಗಿ ಬೀಳುತ್ತದೆ ಎಂಬ ಪಾಠ ಇಪ್ಪತ್ತನೇ ಶತಮಾನದುದ್ದಕ್ಕೂ ನಡೆದುಬಂತು. 2000ದ ನಂತರ ಚೆಂಡಿನ ಹಾದಿ ಅಳೆಯುವ ರಾಡಾರ್ ಯಂತ್ರಗಳು ತರಬೇತುದಾರರ ಕೈಗೆ ಬಂದಾಗ, ಆ ಪಾಠ ತಲೆಕೆಳಗು ಎಂಬುದು ಎಲ್ಲರಿಗೂ ಕಣ್ಣಾರೆ ಕಂಡಿತು. ಚೆಂಡು ಹೊರಡುವುದು ಬಹುಪಾಲು ಮುಖ ನೋಡುವ ದಿಕ್ಕಿಗೆ. ಅದು ಬಾಗುವುದು ಮುಖಕ್ಕೂ ಬೀಸಿನ ದಾರಿಗೂ ಇರುವ ವ್ಯತ್ಯಾಸದಿಂದ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಸ್ಲೈಸ್.

ಆದ್ದರಿಂದಲೇ ಎಲ್ಲರೂ ಮಾಡಿಕೊಳ್ಳುವ ಮನೆಮದ್ದು ಕೆಲಸ ಮಾಡುವುದಿಲ್ಲ. ಚೆಂಡು ಬಲಕ್ಕೆ ಹೋಗುತ್ತದೆಂದು ಎಡಕ್ಕೆ ತಿರುಗಿ ನಿಂತು, ಎಡಕ್ಕೆ ಬೀಸುತ್ತೇವೆ. ಬೀಸಿನ ದಾರಿ ಇನ್ನಷ್ಟು ಎಡಕ್ಕೆ ಹೋದಾಗ ಮುಖದ ಜೊತೆಗಿನ ಅಂತರ ಹೆಚ್ಚುತ್ತದೆ, ಚೆಂಡು ಇನ್ನೂ ಜೋರಾಗಿ ಬಾಗುತ್ತದೆ. ಜ್ವರಕ್ಕೆ ಕಂಬಳಿ ಹೊದ್ದು ಬಿಸಿಲಿಗೆ ಕೂತ ಹಾಗೆ!

ಹಾಗಾದರೆ ಮಾಡಬೇಕಾದ್ದೇನು? ಮೊದಲು ಹಿಡಿತ ನೋಡಿಕೊಳ್ಳಿ. ಕೋಲು ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡು ಮೂರು ಗೆಣ್ಣುಗಳು ಕಾಣುವಷ್ಟು ಕೈ ಬಲಕ್ಕೆ ತಿರುಗಿರಲಿ. ಮುಖ ಮುಚ್ಚಲು ಇದು ಸಹಾಯ. ಆಮೇಲೆ ಹೆಗಲು. ಅವು ಗುರಿಯ ಗೆರೆಗೆ ಸಮಾನಾಂತರವಾಗಿರಲಿ, ಎಡಕ್ಕೆ ತೆರೆದುಕೊಳ್ಳದಿರಲಿ. ಕೊನೆಗೆ ಬೀಸು. ಕೋಲು ಹೊರಗಿನಿಂದ ಅಡ್ಡ ಕೊಯ್ದುಕೊಂಡು ಬರದೆ, ಮೈಯ ಕಡೆಯಿಂದ ಇಳಿದು ಬರಲಿ. ಮೂರನ್ನೂ ಒಟ್ಟಿಗೆ ಬದಲಿಸಬೇಡಿ, ಒಂದೊಂದಾಗಿ ಮಾಡಿ.

ಮಗನ ಆಟ ನೋಡುತ್ತ ಪಟ್ಟಿಯ ತಿರುಚು ಎಣಿಸಿದ ಆ ಮೇಷ್ಟ್ರು ನಮಗೆ ಬಿಟ್ಟುಹೋದ ಪಾಠ ಇದು: ಚೆಂಡನ್ನು ಬೈಯುವ ಮೊದಲು, ಅದು ಏಕೆ ಹಾಗೆ ಹೋಯಿತೆಂದು ಕೇಳಿ. ಈ ಭಾನುವಾರ ಮೈದಾನಕ್ಕೆ ಹೋಗುವವರು ಎಡಕ್ಕೆ ತಿರುಗಿ ನಿಲ್ಲುವ ಮುನ್ನ ನಿಮ್ಮ ಹಿಡಿತವನ್ನೊಮ್ಮೆ ನೋಡಿಕೊಳ್ಳಿ. ಮತ್ತೆ ಸಿಗೋಣ.