ಕುರಿಗಳ ವರ್ಷ

ಸ್ಕಾಟ್ಲೆಂಡಿನ ಈಸ್ಟರ್ ರಾಸ್ ಸೀಮೆಯಲ್ಲಿ ಆಲ್ನೆಸ್ ಎಂಬ ಸಣ್ಣ ಊರಿದೆ. ಅಲ್ಲಿಂದ ಗುಡ್ಡಗಳ ಕಡೆಗೆ ಒಳಹೊಕ್ಕರೆ ಬೋತ್ ಎಂಬ ಹಳ್ಳಿ. ಅದರಾಚೆ ಸ್ಟ್ರಾತ್‌ರಸ್ಡೇಲ್ ಕಣಿವೆ. ಮಗಳು ಮತ್ತು ಅವಳ ಗೆಳೆಯರ ಸಂಸಾರಗಳೆಲ್ಲ ಸೇರಿ ಆ ಕಡೆ ಒಂದು ಕಾಟೇಜನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದರು. ನಾವು ಹನ್ನೊಂದು ಜನ, ಜೊತೆಗೆ ನಾಲ್ಕು ನಾಯಿಗಳು. ಹಿಂದೆ ಕುರುಬನೊಬ್ಬನಿದ್ದ ಕಲ್ಲುಮನೆ ಅದು. ದಪ್ಪ ಗೋಡೆ, ಪುಟ್ಟ ಕಿಟಕಿ, ನಡುವೆ ಒಲೆ. ಒಲೆಯ ಮುಂದಿನ ಒಳ್ಳೆಯ ಜಾಗವನ್ನೆಲ್ಲ ಮೊದಲ ದಿನವೇ ನಾಯಿಗಳು ಹಂಚಿಕೊಂಡುಬಿಟ್ಟವು. ಮನುಷ್ಯರಿಗೆ ಉಳಿದದ್ದು ಕುರ್ಚಿಗಳು.

ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಗುಡ್ಡ, ಹುಲ್ಲು, ಮೋಡದ ನೆರಳು. ಮನೆಗಳೇ ಇಲ್ಲ. ಎಂಥ ಶಾಂತಿ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ.

ಎರಡನೆಯ ದಿನ ಬೆಳಿಗ್ಗೆ ಯಾರೋ ಗೇಟು ಹಾಕುವುದನ್ನು ಮರೆತರು. ನಮ್ಮ ಮೆಗ್ ನುಗ್ಗಿ ಹೋಯಿತು. ಮೆಗ್ ಬಾರ್ಡರ್ ಕಾಲಿ ಜಾತಿಯ ನಾಯಿ. ಎಡಿನ್‌ಬರೋದ ಮೂರನೆಯ ಮಹಡಿಯಲ್ಲಿ ಬೆಳೆದದ್ದು, ಹುಟ್ಟಿದಾರಭ್ಯ ಕುರಿಯನ್ನು ಹತ್ತಿರದಿಂದ ಕಂಡದ್ದಿಲ್ಲ. ಆದರೂ ಬೊಗಳಲಿಲ್ಲ, ಕಚ್ಚಲಿಲ್ಲ. ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ, ದೊಡ್ಡ ಸುತ್ತು ಹಾಕಿ, ಇಪ್ಪತ್ತು ಮೂವತ್ತು ಕುರಿಗಳನ್ನು ಕಲ್ಲುಗೋಡೆಯ ಮೂಲೆಗೆ ತಂದು ನಿಲ್ಲಿಸಿ ದಿಟ್ಟಿಸುತ್ತ ಕೂತಿತು. ಈ ಜಾತಿಯ ಶಕ್ತಿಯಿರುವುದು ಹಲ್ಲಿನಲ್ಲಲ್ಲ, ಕಣ್ಣಿನಲ್ಲಿ. "ಅಪ್ಪಾ, ಯಾರು ಕಲಿಸಿದರು ಇದಕ್ಕೆ?" ಎಂದು ಮಗಳು ಬೆರಗಾದಳು. ಕುರಿಗಳ ಯಜಮಾನ ಮಾತ್ರ ಬೆರಗಾಗಲಿಲ್ಲ. ಅವು ಮರಿ ಹಾಕಿದ ಕುರಿಗಳು. ಬೆದರಿ ಓಡಿದರೆ ಮರಿಗಳು ತಾಯಿಯಿಂದ ಅಗಲುತ್ತವೆ. ಕೂಗಾಡದೆ, ನಾಯಿಯನ್ನು ಕಟ್ಟಿಹಾಕಿ ಎಂದಷ್ಟೇ ಹೇಳಿ ಹೋದ. ಕುರಿಗೆ ನಾಯಿ ಬಿಟ್ಟವರಿಗೆ ಅಲ್ಲಿ 2021ರ ಕಾನೂನಿನ ಪ್ರಕಾರ 40,000 ಪೌಂಡಿನವರೆಗೆ ದಂಡ ಬೀಳಬಹುದೆಂದು ಆಮೇಲೆ ತಿಳಿದು ನಮ್ಮ ಎದೆ ಧಸಕ್ಕೆಂದಿತು.

ಹೋಗುವ ಮೊದಲು ಆತ ಕಣಿವೆಯ ಕೆಳಗೆ ಕೈ ತೋರಿಸಿ, ನಾಯಿ ಕುರಿ ತಂದು ನಿಲ್ಲಿಸಿದ್ದು ಎಲ್ಲಿ ನೋಡಿದಿರಾ, ಅದು ಮನೆಯ ಗೋಡೆ ಎಂದ. ನೋಡಿದೆವು. ಮೊಣಕಾಲೆತ್ತರದ ಕಲ್ಲುಸಾಲು, ಅದರಾಚೆ ಇನ್ನೊಂದು. ಅಂಗಳವಿದ್ದ ಜಾಗದಲ್ಲಿ ಹುಲ್ಲು ಹೆಚ್ಚು ಹಸಿರಾಗಿತ್ತು.

ಆ ಕಣಿವೆಗಳಲ್ಲಿ ಹಿಂದೆ ಗೇಲಿಕ್ ಮಾತಾಡುವ ರೈತರಿದ್ದರು. ಕಣಿವೆಯ ತಳದಲ್ಲಿ ಓಟ್ಸ್, ಬಾರ್ಲಿ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತಿದ್ದರು. ದಕ್ಷಿಣದಿಂದ ಬಂದ ಹೊಸ ಕುರಿಸಾಕಣೆಗೆ ಗುಡ್ಡವೊಂದೇ ಸಾಲದು. ಬೇಸಿಗೆಗೆ ಗುಡ್ಡವಾಯಿತು; ಚಳಿಗಾಲಕ್ಕೆ ಕಣಿವೆಯ ತಳವೂ ಬೇಕು. ತಳದಲ್ಲಿದ್ದದ್ದು ಜನರ ಹೊಲ. ಜಗಳವೆಲ್ಲ ಇಷ್ಟೇ. ಹಲವು ಮನೆಗಳ ಗೇಣಿಗಿಂತ ಒಬ್ಬ ಕುರಿ ಗುತ್ತಿಗೆದಾರ ಕೊಡುವ ಗೇಣಿ ಜಮೀನ್ದಾರನಿಗೆ ಹೆಚ್ಚು ಲಾಭದ್ದು. ಗುತ್ತಿಗೆದಾರನಿಗೂ ಬೇಕಾಗುವುದು ಒಂದಿಬ್ಬರು ಕುರುಬರು, ಕೆಲವು ನಾಯಿಗಳು.

ಸ್ಟ್ರಾತ್‌ರಸ್ಡೇಲಿನವರು ದನ ಮೇಯಿಸುತ್ತಿದ್ದ ಗುಡ್ಡ ಪಕ್ಕದ ಕಿಲ್ಡರ್ಮೋರಿಯಲ್ಲಿತ್ತು. ಅದನ್ನು ಲೋಕಾಬರ್ ಕಡೆಯ ಕ್ಯಾಮರನ್ ಅಣ್ಣತಮ್ಮಂದಿರು ಕುರಿಗಾಗಿ ಗುತ್ತಿಗೆ ಹಿಡಿದರು. 1792ರಲ್ಲಿ, ಗಡಿ ದಾಟಿತೆಂದು ಹಳ್ಳಿಯವರ ದನಗಳನ್ನು ಕೂಡಿಹಾಕಿದರು. ನಮ್ಮಲ್ಲಿ ದೊಡ್ಡಿಗೆ ಹಾಕುವುದು ಎನ್ನುತ್ತಾರಲ್ಲ, ಅದೇ. ಜನ ಗುಂಪು ಕೂಡಿ ಬಂದು, ಕ್ಯಾಮರನ್ನನ ಕೈಯ ಆಯುಧವನ್ನೂ ಕಿತ್ತುಕೊಂಡು, ದನ ಬಿಡಿಸಿಕೊಂಡು ಹೋದರು. ಆ ಧೈರ್ಯದಲ್ಲಿ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದರು. ಸುತ್ತಲಿನ ಊರುಗಳವರೆಲ್ಲ ಸೇರಿ, ಉತ್ತರದ ಕಣಿವೆಗಳಿಂದ ಸಾವಿರಾರು ಕುರಿಗಳನ್ನು ಒಟ್ಟುಮಾಡಿ, ಸೀಮೆಯಿಂದಲೇ ಆಚೆಗೆ ಅಟ್ಟಲು ಹೊರಟರು. ಯಾರ ಮನೆಯನ್ನೂ ಲೂಟಿ ಮಾಡಲಿಲ್ಲ. ಗೇಲಿಕ್‌ನಲ್ಲಿ ಆ ವರ್ಷಕ್ಕೆ 'ಕುರಿಗಳ ವರ್ಷ' ಎಂದೇ ಹೆಸರು. ಕುರಿಗಳು ಬೋತ್‌ವರೆಗೆ ಬಂದಿದ್ದವು, ಅಂದರೆ ನಾವು ಹಾಲು ತರಲು ಹೋಗುತ್ತಿದ್ದ ದಾರಿಯವರೆಗೆ. ಅಲ್ಲಿಗೆ ಫೋರ್ಟ್ ಜಾರ್ಜ್ ಕೋಟೆಯಿಂದ ಕರೆಸಿದ ಸೈನಿಕರು ಬಂದರು. ಜನ ಚದುರಿದರು. ಇನ್‌ವರ್ನೆಸ್ಸಿನಲ್ಲಿ ವಿಚಾರಣೆ ನಡೆದು ಇಬ್ಬರಿಗೆ ಏಳು ವರ್ಷದ ಗಡೀಪಾರು. ಆ ಇಬ್ಬರೂ ಜೈಲಿನಿಂದ ಮಾಯವಾದರು, ಮತ್ತೆ ಸಿಗಲೇ ಇಲ್ಲ. ಊರವರೇ ಕಣ್ಣುಮುಚ್ಚಿಕೊಂಡಿರಬೇಕೆಂದು ನನ್ನ ಊಹೆ.

ಕಿಲ್ಡರ್ಮೋರಿಯನ್ನು ಗುತ್ತಿಗೆಗೆ ಕೊಟ್ಟ ಜಮೀನ್ದಾರನ ಹೆಸರು ಓದಿದಾಗ ಮಾತ್ರ ನಾನು ಕುರ್ಚಿಯಿಂದ ಎದ್ದು ಕೂತೆ. ನೋವಾರಿನ ಸರ್ ಹೆಕ್ಟರ್ ಮನ್ರೋ! ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿದವರಿಗೆ ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ ನೆನಪಿರುತ್ತಾನೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಬೇಲಿಯ ಪಡೆಯನ್ನು ನುಚ್ಚುನೂರು ಮಾಡುವಾಗ, ಹತ್ತಿರದ ಕಾಂಚೀಪುರದಲ್ಲಿ ದೊಡ್ಡ ಸೈನ್ಯ ಇಟ್ಟುಕೊಂಡೂ ನೆರವಿಗೆ ಮುಟ್ಟದೆ, ಕೊನೆಗೆ ಭಾರಿ ತೋಪುಗಳನ್ನು ಕೆರೆಗೆ ತಳ್ಳಿ ಮದರಾಸಿಗೆ ಹಿಮ್ಮೆಟ್ಟಿದ ಸೇನಾಪತಿ ಈತನೇ. ಮರುವರ್ಷ ಡಚ್ಚರಿಂದ ನಾಗಪಟ್ಟಣ ಗೆದ್ದು ಮಾನ ಉಳಿಸಿಕೊಂಡ. 1792ರಲ್ಲಿ ಕುರಿ ಅಟ್ಟಿದವರನ್ನು ಹಿಡಿಯಲು ಬಂದ 42ನೆಯ ರೆಜಿಮೆಂಟಿಗೂ ಆಗ ಈತನೇ ಕರ್ನಲ್. ಹೈದರನೆದುರು ಹೊತ್ತಿಗೆ ಸರಿಯಾಗಿ ಸಿಗದ ಸೈನ್ಯ ಕುರಿಗಳಿಗೆ ತಪ್ಪದೆ ಸಿಕ್ಕಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಉತ್ತರದ ಸ್ಟ್ರಾತ್‌ನೇವರ್ ಕಣಿವೆಯನ್ನು 1814 ಮತ್ತು 1819ರಲ್ಲಿ ಬರಿದು ಮಾಡಿದರು. ಮರ ಅಪರೂಪವಾದ ಆ ಸೀಮೆಯಲ್ಲಿ ಸೂರಿನ ತೊಲೆಯೇ ಆಸ್ತಿ; ಜನ ಮತ್ತೆ ಬಂದು ಮನೆ ಕಟ್ಟದಿರಲಿ ಎಂದು ತೊಲೆಗಳಿಗೇ ಬೆಂಕಿಯಿಟ್ಟರು. ಬೆಂಕಿಯಿಡಿಸಿದ ಆರೋಪ ಹೊತ್ತ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದ. 1845ರಲ್ಲಿ ಗ್ಲೆನ್‌ಕ್ಯಾಲ್ವಿಯವರು ಮನೆ ಕಳೆದುಕೊಂಡು ಕ್ರಾಯ್ಕ್ ಚರ್ಚಿನ ಸ್ಮಶಾನದಲ್ಲಿ ಡೇರೆ ಹಾಕಿ ಮಲಗಿದರು. ಆ ಚರ್ಚಿಗೆ ನಾವೂ ಹೋಗಿದ್ದೆವು. ಕಿಟಕಿಯ ಗಾಜಿನ ಮೇಲೆ ಅವರು ಹೊರಗಿನಿಂದ ಗೀಚಿದ ಸಣ್ಣ ಅಕ್ಷರಗಳು ಇನ್ನೂ ಇವೆ. ತಮ್ಮನ್ನೇ ಅವರು ದುಷ್ಟ ಪೀಳಿಗೆ ಎಂದು ಕರೆದುಕೊಂಡಿದ್ದಾರೆ. ತಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ನಂಬಿದ್ದರೋ ಏನೋ. ನನಗೆ ಅದನ್ನು ಓದುವುದು ಕಷ್ಟವಾಯಿತು. ಗೇಣಿದಾರನನ್ನು ಸುಮ್ಮನೆ ಒಕ್ಕಲೆಬ್ಬಿಸಬಾರದೆಂಬ ಕಾನೂನು ಬಂದದ್ದು 1886ರಲ್ಲಿ. ಅಷ್ಟು ಹೊತ್ತಿಗೆ ಎಬ್ಬಿಸಲು ಈ ಕಣಿವೆಗಳಲ್ಲಿ ಯಾರು ಉಳಿದಿದ್ದರು?

ಹೊರಡುವ ಹಿಂದಿನ ಸಂಜೆ ಫೈರಿಶ್ ಗುಡ್ಡ ಹತ್ತಿದೆವು. ನಾಲ್ಕೂ ನಾಯಿಗಳಿಗೆ ಈ ಸಲ ಹಗ್ಗ ಬಿಗಿದೇ. ನೆತ್ತಿಯ ಮೇಲೆ ಮನ್ರೋ 1782ರ ಸುಮಾರಿಗೆ ಕಟ್ಟಿಸಿದ ಕಮಾನುಗಳಿವೆ, ನಾಗಪಟ್ಟಣದ ಹೆಬ್ಬಾಗಿಲ ಮಾದರಿಯಲ್ಲಿ. ಬಡವರಿಗೆ ಕೂಲಿ ಸಿಗಲೆಂದು ಕಟ್ಟಿಸಿದ್ದಂತೆ. ಕೆಲಸ ಬೇಗ ಮುಗಿಯದಿರಲೆಂದು ಕಲ್ಲುಗಳನ್ನು ಕೆಳಕ್ಕೆ ಉರುಳಿಸಿ ಮತ್ತೆ ಹೊರಿಸುತ್ತಿದ್ದನಂತೆ. ಊರವರ ಈ ಕಥೆಯಲ್ಲಿ ಅವನ ಮೇಲೆ ಪ್ರೀತಿಯಿದೆಯೋ ವ್ಯಂಗ್ಯವಿದೆಯೋ ನನಗೆ ತಿಳಿಯಲಿಲ್ಲ. ನಾಗಪಟ್ಟಣದ ಬಾಗಿಲಲ್ಲಿ ಗಾಳಿ ಹುಯ್ಯೆನ್ನುತ್ತಿತ್ತು. ಮಕ್ಕಳು ಬಿಸ್ಕತ್ತು ತಿಂದರು. ಮೆಗ್ ಮಾತ್ರ ಕಮಾನಿನ ಕೆಳಗೆ ಹೊಟ್ಟೆ ಊರಿ, ದೂರದಲ್ಲಿ ಚುಕ್ಕಿಗಳಂತೆ ಕಾಣುತ್ತಿದ್ದ ಕುರಿಗಳನ್ನು ಎವೆಯಿಕ್ಕದೆ ನೋಡುತ್ತಿತ್ತು. ಹಗ್ಗ ನನ್ನ ಕೈಯಲ್ಲಿತ್ತು.