ಹೊನ್ನಮ್ಮನ ಕೆರೆಯ ನೆರೆಯಲ್ಲಿ ಶಿಲಾಗೋರಿಗಳು

ಸೋಮವಾರಪೇಟೆಯಿಂದ ಸುಮಾರು 6 ಕಿ.ಮೀ. ದೂರದಲ್ಲಿರುವ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಕೊಡಗಿನ ದೊಡ್ಡ ಕೆರೆಗಳಲ್ಲೊಂದು. ಊರಿಗೆ ನೀರು ದೊರೆಯಲೆಂದು ಪ್ರಾಣತ್ಯಾಗ ಮಾಡಿದ ಹೊನ್ನಮ್ಮನ ಕಥೆ ಇಲ್ಲಿ ಮನೆಮಾತಾಗಿದ್ದು, ಗೌರಿ ಹಬ್ಬದಂದು ಕೆರೆಗೆ ಬಾಗಿನ ಅರ್ಪಿಸುವ ಸಂಪ್ರದಾಯವಿದೆ. ಆದರೆ ಈ ಪರಿಸರದಲ್ಲಿ ಮಾನವನ ಇತಿಹಾಸ ಕೆರೆಯ ಕಥೆಗಿಂತ ಬಹಳ ಹಿಂದಿನದು. ಸಮೀಪದ ಮೋರಿಬೆಟ್ಟದಲ್ಲಿರುವ ಪ್ರಾಚೀನ ಶಿಲಾಗೋರಿಗಳು ಅದಕ್ಕೆ ಸಾಕ್ಷಿಯಾಗಿವೆ.

ನೆಲದಲ್ಲಿ ನಾಲ್ಕು ಕಡೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಭಾರಿ ಬಂಡೆಯನ್ನು ಹೊದಿಸಿ ಕಟ್ಟಿದ ಕೋಣೆಗಳಿವು. ಇಂತಹ ಹಲವು ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ ಇರುತ್ತದೆ. ಕೊಡಗಿನ ಜನ ಇವನ್ನು ವನವಾಸದ ಪಾಂಡವರೊಂದಿಗೆ ಸೇರಿಸಿ 'ಪಾಂಡವರ ಪಾರೆ' ಎಂದರು. ಕರ್ನಾಟಕದ ಇತರೆಡೆಗಳಲ್ಲಿ ಮೋರಿಯರೆಂಬ ಕುಳ್ಳ ಜನರ ಮನೆಗಳೆಂಬ ನಂಬಿಕೆ ಪ್ರಚಲಿತ. ವಾಸ್ತವದಲ್ಲಿ ಇವು ಮನೆಗಳಲ್ಲ, ಸತ್ತವರ ಅವಶೇಷಗಳನ್ನು ಇರಿಸಿದ ಸ್ಮಾರಕಗಳು.

ಈ ಸಂಸ್ಕೃತಿಯನ್ನು 'ಬೃಹತ್ ಶಿಲಾಯುಗ' ಎಂದು ಕರೆಯುವುದರಿಂದ ಇದು ಕಲ್ಲಿನ ಆಯುಧಗಳ ಕಾಲವೆಂಬ ತಪ್ಪು ಕಲ್ಪನೆ ಮೂಡುವುದು ಸಹಜ. ಇಲ್ಲಿ 'ಶಿಲೆ' ಎಂಬುದು ಗೋರಿಯ ಬಂಡೆಗೆ ಸಂಬಂಧಿಸಿದ್ದು. ದಕ್ಷಿಣ ಭಾರತದ ಇಂತಹ ಸಮಾಧಿಗಳಲ್ಲಿ ಕಬ್ಬಿಣದ ಬಾಣದ ಮೊನೆ, ಕತ್ತಿ, ಕಪ್ಪು-ಕೆಂಪು ಮಡಕೆ, ಮಣಿಗಳು ದೊರೆಯುತ್ತವೆ. ಆದ್ದರಿಂದ ಅವು ಕಬ್ಬಿಣ ಯುಗಕ್ಕೆ, ಅಂದರೆ ಸ್ಥೂಲವಾಗಿ ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಸೇರುತ್ತವೆ.

ಕೊಡಗಿನ ಗೋರಿಗಳನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖರು 1860ರ ದಶಕದಲ್ಲಿ ಇಲ್ಲಿ ಸೂಪರಿಂಟೆಂಡೆಂಟರಾಗಿದ್ದ ಕ್ಯಾಪ್ಟನ್ ಕೋಲ್. ಆ ದಶಕದ ಕೊನೆಯಲ್ಲಿ ವಿರಾಜಪೇಟೆ ಸುತ್ತಲಿನ ಗೋರಿಗಳೂ ಬೆಳಕಿಗೆ ಬಂದವು. ಶತಮಾನದ ಬಳಿಕ ಕೆ.ಕೆ. ಸುಬ್ಬಯ್ಯನವರು ವಿಸ್ತೃತ ಅಧ್ಯಯನ ನಡೆಸಿ, 1978ರಲ್ಲಿ ಕೊಡಗಿನ ಪುರಾತತ್ತ್ವವನ್ನು ಕುರಿತ ಗ್ರಂಥ ಪ್ರಕಟಿಸಿದರು.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲೂ ಬೆಟ್ಟದ ಮೇಲೆ ನೀರಿನ ಕೊಳ, ಅದರ ಸುತ್ತ ನೂರಾರು ಶಿಲಾಗೋರಿಗಳಿವೆ. ಅದು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಮಳೆ, ಕಾಡು ಮತ್ತು ಕಾಫಿ ತೋಟಗಳ ನಡುವೆ ಅಡಗಿರುವ ಕೊಡಗಿನ ಗೋರಿಗಳಿಗೆ ಅಂತಹ ಮನ್ನಣೆ ದೊರೆತಿಲ್ಲ.

ಇಂತಹ ನೆಲೆಗಳಿಗೆ ನಿಧಿಯ ಆಸೆಯೇ ದೊಡ್ಡ ಶತ್ರು. ಗೋರಿಯನ್ನು ಅಗೆದವನಿಗೆ ಸಾಮಾನ್ಯವಾಗಿ ಸಿಗುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ ಮಾತ್ರ. ಅವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದರಿಂದಲೇ ವಿದ್ವಾಂಸರು ಆ ಕಾಲದ ಬದುಕನ್ನು ಅರಿಯುತ್ತಾರೆ. ಒಮ್ಮೆ ಮಣ್ಣು ಕದಡಿದರೆ ಆ ಮಾಹಿತಿ ಶಾಶ್ವತವಾಗಿ ಅಳಿಸಿಹೋಗುತ್ತದೆ. ಬರಹವನ್ನೇ ಬಿಟ್ಟುಹೋಗದ ಈ ಜನರ ಬಗ್ಗೆ ತಿಳಿಯಲು ನಮಗಿರುವ ಮುಖ್ಯ ದಾಖಲೆ ಈ ಕಲ್ಲುಗಳು. ಕೆರೆಗೆ ಬಾಗಿನ ಅರ್ಪಿಸುವ ಊರವರು ಬೆಟ್ಟದ ಗೋರಿಗಳನ್ನೂ ತಮ್ಮವೆಂದು ಕಾಯ್ದುಕೊಂಡರೆ ಅವು ಮುಂದಿನ ಪೀಳಿಗೆಗೂ ಉಳಿದಾವು.