ಗುಡ್ಡಕ್ಕೆ ವಯಸ್ಸು ಗೊತ್ತಿಲ್ಲ, ಗಡಿಯಾರಕ್ಕೆ ಗೊತ್ತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಸರಳ ಪ್ರಶ್ನೆ. ಬೆಟ್ಟ ಹತ್ತಿ ಇಳಿಯುವ ಓಟದಲ್ಲಿ 60 ವರ್ಷದ ಒಬ್ಬ ಮನುಷ್ಯ 25ರ ಹುಡುಗರನ್ನು ಹಿಂದೆ ಹಾಕಿ ಮೊದಲು ಗುರಿ ಮುಟ್ಟೋದು ಸಾಧ್ಯಾನಾ?

ಸಾಧ್ಯ. 1967ರಲ್ಲಿ ಅದು ಆಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಪ್ಸಿ ಅಂತ ಒಂದು ಓಟ ಇದೆ. 1905ರಲ್ಲಿ ಶುರುವಾದದ್ದು. ಮಿಲ್ ವ್ಯಾಲಿ ಅನ್ನೋ ಊರಿಂದ ಹೊರಟು, ಗುಡ್ಡ ದಾಟಿ, ಸಮುದ್ರದ ದಂಡೆ ಸ್ಟಿನ್ಸನ್ ಬೀಚ್ ತಲುಪಬೇಕು. ದೂರ ಸುಮಾರು 12 ಕಿಲೋಮೀಟರ್ ಅಷ್ಟೇ. ಆದರೆ ಹೊರಟ ಸ್ವಲ್ಪ ಹೊತ್ತಿಗೇ 670ಕ್ಕೂ ಹೆಚ್ಚು ಮೆಟ್ಟಿಲು ಎದುರಾಗುತ್ತವೆ. ಈ ಓಟವನ್ನು ಜ್ಯಾಕ್ ಕಿರ್ಕ್ ಎಂಬಾತ 1951ರಲ್ಲಿ ಒಮ್ಮೆ ಗೆದ್ದ. ಆಮೇಲೆ 16 ವರ್ಷ ಬಿಟ್ಟು 1967ರಲ್ಲಿ ಮತ್ತೆ ಗೆದ್ದ. ಆಗ ಆತನಿಗೆ 60. ಅಷ್ಟಕ್ಕೇ ನಿಲ್ಲಿಸಲಿಲ್ಲ, 90 ದಾಟಿದ ಮೇಲೂ ಅದೇ ಗುಡ್ಡ ಹತ್ತಿ ಇಳಿದ. 2007ರಲ್ಲಿ, ನೂರರ ವಯಸ್ಸಿನಲ್ಲಿ ತೀರಿಕೊಂಡ.

ಇದರಲ್ಲಿ ಒಂದು ಗುಟ್ಟಿದೆ. ಡಿಪ್ಸಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ. ವಯಸ್ಸಾದವರಿಗೆ ಮತ್ತು ತೀರಾ ಚಿಕ್ಕವರಿಗೆ ಕೆಲವು ನಿಮಿಷ ಮುಂಚೆ ಹೊರಡೋ ಅವಕಾಶ. ಕಟ್ಟುಮಸ್ತಾದ ತರುಣರು ಕೊನೆಗೆ ಹೊರಡಬೇಕು, ಮುಂದೆ ಹೋದವರನ್ನು ಬೆನ್ನಟ್ಟಬೇಕು. ಯಾರು ಮೊದಲು ಗೆರೆ ದಾಟುತ್ತಾರೋ ಅವರೇ ವಿಜೇತರು. ಫಲಿತಾಂಶ ನೋಡ್ರಿ: 2010ರಲ್ಲಿ ಗೆದ್ದವಳು 8 ವರ್ಷದ ಹುಡುಗಿ. 2012ರಲ್ಲಿ ಗೆದ್ದವರು 72 ವರ್ಷದ ಹಾನ್ಸ್ ಶ್ಮಿಡ್. ಎರಡೇ ವರ್ಷದ ಅಂತರ, ಮೊಮ್ಮಗಳು ಮತ್ತು ಅಜ್ಜ, ಅದೇ ಗುಡ್ಡ, ಅದೇ ಕಪ್ಪು.

“ಇದು ಮೋಸ ಅಲ್ವಾ?” ಅಂತ ಕೆಲವರಿಗೆ ಅನ್ನಿಸಬಹುದು. ಅದೇ ಇವತ್ತಿನ ಸಂಚಿಕೆಯ ವಿಷಯ. ವಯಸ್ಸಾದ ಓಟಗಾರನನ್ನು ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಚರಿತ್ರೆ ಬೇರೆ ಬೇರೆ ಉತ್ತರ ಕೊಟ್ಟಿದೆ. ನನಗೆ ಆ ಉತ್ತರಗಳ ಮೇಲೆ ಸ್ವಂತ ಆಸಕ್ತಿಯೂ ಇದೆ. ನನಗೀಗ 57. ಮನೆ ಬ್ಯಾಡಗಿಯಲ್ಲಿ, ಅಭ್ಯಾಸ ದೇವರಗುಡ್ಡದಲ್ಲಿ. ಹೋದ ವರ್ಷ ಮಲೆನಾಡಿನ ಒಂದು ಬೆಟ್ಟದ ಓಟಕ್ಕೆ ಹೆಸರು ಕೊಟ್ಟಿದ್ದೆ. ಅರ್ಜಿಯಲ್ಲಿ ಕೊನೆಯ ವಯೋಗುಂಪು “45 ಮತ್ತು ಮೇಲ್ಪಟ್ಟವರು”. ಅಂದರೆ 46ರವನೂ 75ರವನೂ ಒಂದೇ ಚೀಲದ ಕಾಳು! ಎರಡನೇ ಚೆಕ್‌ಪಾಯಿಂಟಿಗೆ ನಾನು 8 ನಿಮಿಷ ತಡವಾಗಿ ಮುಟ್ಟಿದೆ. ಕಾಲು ಗಟ್ಟಿಯಿತ್ತು, ಉಸಿರು ಗಟ್ಟಿಯಿತ್ತು, ನೀರೂ ಇತ್ತು. ಅಲ್ಲಿದ್ದ ಹುಡುಗ ತುಂಬ ಮರ್ಯಾದೆಯಿಂದಲೇ ಹೇಳಿದ: “ಅಂಕಲ್, ಟೈಮ್ ಆಯ್ತು, ಜೀಪ್ ಹತ್ರಿ.” ಜೀಪಿನಲ್ಲಿ ಆಗಲೇ ಇಬ್ಬರು ಕೂತಿದ್ದರು. ಮೂವರಿಗೂ 50 ದಾಟಿತ್ತು.

ಸರಿ, ಈಗ ಇಂಗ್ಲೆಂಡಿಗೆ ಹೋಗೋಣ. ಅಲ್ಲಿನ ಲೇಕ್ ಡಿಸ್ಟ್ರಿಕ್ಟ್ ಪ್ರದೇಶದ ವಾಸ್‌ಡೇಲ್ ಕಣಿವೆಯಲ್ಲಿ ಜಾಸ್ ನೇಲರ್ ಅನ್ನೋ ಕುರಿ ಸಾಕುವ ರೈತ ಇದ್ದ. 1936ರಲ್ಲಿ ಹುಟ್ಟಿದವ. ಚಿಕ್ಕ ವಯಸ್ಸಲ್ಲೇ ಬೆನ್ನುನೋವು, ಬೆನ್ನಿನ ಶಸ್ತ್ರಚಿಕಿತ್ಸೆ ಬೇರೆ. ಆದರೂ ಕುರಿ ಹಿಂದೆ ಗುಡ್ಡ ಸುತ್ತಿದ ಕಾಲುಗಳು ಓಟಕ್ಕೆ ಇಳಿದವು. 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಹತ್ತಿ ಇಳಿದ. 1986ರಲ್ಲಿ, 50ನೇ ವಯಸ್ಸಿಗೆ, ಆ ಪ್ರದೇಶದ 214 ಗುಡ್ಡಗಳನ್ನು 7 ದಿನ ಮತ್ತು ಸ್ವಲ್ಪ ಹೊತ್ತಿನಲ್ಲಿ ಮುಗಿಸಿದ. 60 ತುಂಬಿದಾಗ 60 ಶಿಖರ, 70 ತುಂಬಿದಾಗ 70 ಶಿಖರ. ನಾವು ಕೇಕ್ ಕತ್ತರಿಸ್ತೀವಿ, ಆತ ಗುಡ್ಡ ಎಣಿಸಿದ. 2024ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಹೋದ.

ಈ ದಾಖಲೆಗಳಿಗಿಂತ ನನಗೆ ಮುಖ್ಯ ಅನ್ನಿಸೋದು ಆತನ ಹೆಸರಿನಲ್ಲಿರೋ ಒಂದು ಸವಾಲು. ಅದು 50 ದಾಟಿದವರಿಗೆ ಮಾತ್ರ. 48 ಮೈಲಿ, ಅಂದರೆ ಸುಮಾರು 77 ಕಿಲೋಮೀಟರ್, 30 ಶಿಖರ. ಸಮಯದ ಮಿತಿ ವಯಸ್ಸಿನ ಜತೆ ಬೆಳೆಯುತ್ತದೆ: 50ರಿಂದ 54ರವರಿಗೆ 12 ಗಂಟೆ, 55 ದಾಟಿದರೆ 14, 60 ದಾಟಿದರೆ 18, 65 ದಾಟಿದರೆ 24. ಗುಡ್ಡದಲ್ಲಿ ಒಂದಡಿಯೂ ಕಡಿಮೆ ಮಾಡಿಲ್ಲ. ಬದಲಾಗೋದು ಗಡಿಯಾರ ಮಾತ್ರ. ಇದು ರಿಯಾಯಿತಿ ಅಲ್ಲ. 67ರವನೊಬ್ಬ 24 ಗಂಟೆ ರಾತ್ರಿಯೆಲ್ಲ ಗುಡ್ಡದಲ್ಲಿ ಇರೋದು ಸುಲಭದ ಮಾತಲ್ಲ.

ಗಡಿಯಾರ ಯಾಕೆ ಬದಲಾಗಬೇಕು? ದೇಹದ ಲೆಕ್ಕ ಹಾಗಿದೆ. ಉಸಿರಿನಿಂದ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಶಕ್ತಿ 30ರ ನಂತರ ಸಾಮಾನ್ಯವಾಗಿ ದಶಕಕ್ಕೆ ಸುಮಾರು 10 ಪ್ರತಿಶತ ಇಳಿಯುತ್ತದೆ. ಬಿಡದೆ ತರಬೇತಿ ಮಾಡಿದವರಲ್ಲಿ ಇಳಿಕೆ ಕಡಿಮೆ, ಆದರೆ ಇಳಿಯೋದಂತೂ ನಿಜ. ಸ್ನಾಯು ಕರಗುತ್ತದೆ, ಚೇತರಿಕೆಗೆ ಹೆಚ್ಚು ದಿನ ಬೇಕು. ಎಲ್ಲರೂ ಏರು ಕಷ್ಟ ಅಂದ್ಕೊಳ್ತಾರೆ. ನನ್ನ ಅನುಭವದಲ್ಲಿ ಕಷ್ಟ ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಮೈಭಾರದ ಹಲವು ಪಟ್ಟು ಹೊರೆ. ಕಣ್ಣು ಕಲ್ಲನ್ನು ಗುರುತಿಸಿ ಪಾದಕ್ಕೆ ಸುದ್ದಿ ಮುಟ್ಟಿಸೋದು ಒಂದು ಕ್ಷಣ ತಡವಾದರೂ ಕಾಲು ಉಳುಕುತ್ತದೆ. ಏರಿನಲ್ಲಿ ನಾನು ಹುಡುಗರ ಜತೆಗೇ ಇರ್ತೀನಿ. ಇಳಿಜಾರಿನಲ್ಲಿ ಅವರು ಹೋರಿಗಳ ಹಾಗೆ ಹೋಗಿಬಿಡ್ತಾರೆ.

ಹೋರಿ ಅಂದೆನಲ್ಲ, ನಮ್ಮ ಹಾವೇರಿ ಜಿಲ್ಲೆಯ ಮಂದಿಗೆ ಓಟ ಅಂದರೆ ಮೊದಲು ನೆನಪಾಗೋದು ಅದೇ. ದೀಪಾವಳಿ ನಂತರ ಹೋರಿ ಹಬ್ಬ, ಕೊರಳಿಗೆ ಕೊಬ್ಬರಿ, ಕೋಡಿಗೆ ಬಲೂನು, ಊರೂರಲ್ಲಿ ಅಭಿಮಾನಿಗಳು. ಹೆಸರು ಮಾಡಿದ ಹೋರಿಗೆ ವಯಸ್ಸಾಗಿ ಸತ್ತರೆ ಹೂ ಹಾಕಿ ಮೆರವಣಿಗೆ ಮಾಡಿ ಮಣ್ಣು ಮಾಡ್ತಾರೆ. ಅದು ಒಳ್ಳೇದೇ. ಆದರೆ 57ರವನು ಚಡ್ಡಿ ಹಾಕ್ಕೊಂಡು ರಸ್ತೆಯಲ್ಲಿ ಓಡಿದರೆ, “ಏನ್ರಿ, ಶುಗರ್ ಬಂತಾ?” ಅಂತ ಕೇಳ್ತಾರೆ. ಓಡಲಿಕ್ಕೆ ಕಾಯಿಲೆಯೇ ಕಾರಣ ಇರಬೇಕು ಅನ್ನೋ ನಂಬಿಕೆ!

ಹಾಗಂತ ನಮ್ಮಲ್ಲಿ ವಯಸ್ಸಾದವರು ಗುಡ್ಡ ಹತ್ತೋದು ಹೊಸದಲ್ಲ. ಹಾವೇರಿಯಿಂದ ರಾಣೇಬೆನ್ನೂರಿಗೆ ರೈಲಿನಲ್ಲಿ ಹೋದರೆ ಬ್ಯಾಡಗಿ ಆದಮೇಲೆ ದೇವರಗುಡ್ಡ ಅನ್ನೋ ಸ್ಟೇಷನ್ ಸಿಗುತ್ತದೆ. ಅಲ್ಲಿನ ಗುಡ್ಡದ ಮೇಲೆ ಮಾಲತೇಶ ಸ್ವಾಮಿ. ದಸರಾದಲ್ಲಿ ಕಾರ್ಣಿಕ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದು ಸಾಲಿನ ಭವಿಷ್ಯ ನುಡಿದು ಕೆಳಗೆ ಬೀಳುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಕಂಬಳಿ ಹೊದ್ದು ಡಮರುಗ ಬಾರಿಸುವ ಗೊರವರಲ್ಲಿ ನರೆಗಡ್ಡದವರೇ ಎಷ್ಟೋ ಮಂದಿ. ಬರಿಗಾಲಲ್ಲಿ ನಡೆದು ಬರುವ ಭಕ್ತರಲ್ಲಿ 70ರ ಅಜ್ಜಿಯರೂ ಇರ್ತಾರೆ. ಅವರಲ್ಲಿ ಅನೇಕರು ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಿ, ಹೊಲದಲ್ಲಿ ಬುಟ್ಟಿ ಹೊತ್ತವರು. ಅವರ ಕಾಲಿನ ಕಸುವನ್ನು ಯಾರೂ ಕ್ರೀಡೆ ಅಂತ ಕರೆಯಲ್ಲ.

ಹೆಸರಿನ ರಾಜಕೀಯ ಡಿಪ್ಸಿಯಲ್ಲೂ ಇತ್ತು. 1918ರಿಂದ 1922ರ ತನಕ ಅದೇ ದಾರಿಯಲ್ಲಿ ಹೆಂಗಸರು ಓಡಿದರು. ಆದರೆ ಅದನ್ನು ಓಟ ಅನ್ನದೆ “ಮಹಿಳೆಯರ ನಡಿಗೆ” ಅಂತ ಕರೆದರು. ಹೆಂಗಸರ ದೇಹಕ್ಕೆ ಇದು ಒಗ್ಗಲ್ಲ ಅನ್ನೋ ತಕರಾರು ಬಂದು ಅದೂ ನಿಂತಿತು. ದೇಹಕ್ಕೆ ಒಗ್ಗಲ್ಲ ಅನ್ನೋ ಮಾತು ಆಗ ಹೆಂಗಸರಿಗೆ, ಈಗ ಮುದುಕರಿಗೆ. ಮಾತು ಒಂದೇ, ವಿಳಾಸ ಬೇರೆ.

ಇನ್ನೊಂದು ನಡಿಗೆ ನೆನಪಿಸ್ತೀನಿ, ಇದು ನಮ್ಮೂರ ಪಕ್ಕದ್ದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. 1911ರಲ್ಲಿ ಹುಟ್ಟಿದವರು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿ ಜತೆ ದಂಡಿಗೆ ಹೊರಟ ಸತ್ಯಾಗ್ರಹಿಗಳಲ್ಲಿ ಕರ್ನಾಟಕದವರು ಇವರೊಬ್ಬರೇ. ವಯಸ್ಸು 18. ಮುಂದೆ ನಡೆಯುತ್ತಿದ್ದ ಗಾಂಧೀಜಿಗೆ 60. ಏಪ್ರಿಲ್ 5ಕ್ಕೆ ದಂಡಿ ತಲುಪುವ ಹೊತ್ತಿಗೆ ನಡೆದದ್ದು ಸುಮಾರು 385 ಕಿಲೋಮೀಟರ್. ಅದು ಬೆಟ್ಟವೂ ಅಲ್ಲ, ಸ್ಪರ್ಧೆಯೂ ಅಲ್ಲ, ನಿಜ. ಆದರೆ ಅಲ್ಲಿ ವೇಗ ಗೊತ್ತುಮಾಡಿದವರು 60ರವರು. ವಾರಕ್ಕೊಂದು ದಿನ, ಸೋಮವಾರ, ವಿಶ್ರಾಂತಿ. ದಿನ ದಿನ ಒಂದೇ ಹದದಲ್ಲಿ ನಡೆಯೋದು, ವಾರಕ್ಕೊಮ್ಮೆ ನಿಲ್ಲೋದು. ಇವತ್ತು ಯಾವ ಕೋಚ್ ಹತ್ತಿರ ಹೋದರೂ 50 ದಾಟಿದವರಿಗೆ ಇದನ್ನೇ ಹೇಳ್ತಾರೆ. ಮಹದೇವಪ್ಪನವರಿಗೆ ಮಾತ್ರ ಮುದುಕರಾಗುವ ಅವಕಾಶವೇ ಸಿಗಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. 31 ವರ್ಷ.

ಅದೇ 1911ರಲ್ಲಿ ಹುಟ್ಟಿದವರು ಅಂತ ಪಾಸ್‌ಪೋರ್ಟಿನಲ್ಲಿದ್ದ ಇನ್ನೊಬ್ಬರು ಪಂಜಾಬಿನ ಫೌಜಾ ಸಿಂಗ್. 89ನೇ ವಯಸ್ಸಲ್ಲಿ ಮೊದಲ ಮ್ಯಾರಥಾನ್ ಓಡಿದರು. 2011ರಲ್ಲಿ ಟೊರೊಂಟೊದಲ್ಲಿ ನೂರರ ವಯಸ್ಸಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು, 8 ಗಂಟೆ 11 ನಿಮಿಷ. ಆದರೆ ಗಿನ್ನಿಸ್ ದಾಖಲೆಗೆ ಅದು ಸೇರಲಿಲ್ಲ. ಕಾರಣ, ಜನನ ಪ್ರಮಾಣಪತ್ರ ಇರಲಿಲ್ಲ. ಇದು ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗೋ ಕಥೆ. ನನ್ನದೇ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ನನ್ನ ತರಗತಿಯ ಅರ್ಧ ಹುಡುಗರದ್ದೂ ಜೂನ್ 1! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡದ್ದು ಅದು. ವಯೋಗುಂಪಿನ ಓಟ ಕಾಗದದ ಮೇಲೆ ನಿಂತಿದೆ, ಕಾಗದ ಮಾಸ್ತರರ ಅಂದಾಜಿನ ಮೇಲೆ ನಿಂತಿದೆ.

ಆದರೂ ವಯೋಗುಂಪು ಬೇಕೇ ಬೇಕು. 1975ರಲ್ಲಿ ಟೊರೊಂಟೊದಲ್ಲೇ ಹಿರಿಯರ ಮೊದಲ ವಿಶ್ವ ಅಥ್ಲೆಟಿಕ್ಸ್ ಕೂಟ ನಡೆಯಿತು. ಅಲ್ಲಿಂದೀಚೆಗೆ ಐದೈದು ವರ್ಷಕ್ಕೊಂದು ಗುಂಪು ಅನ್ನೋದು ಪದ್ಧತಿಯಾಗಿದೆ. ಹಿರಿಯರ ವಿಶ್ವ ಮೌಂಟನ್ ರನ್ನಿಂಗ್ ಸ್ಪರ್ಧೆಗಳೂ 35ರಿಂದ ಹೀಗೇ ನಡೆಯುತ್ತವೆ. ಅಲ್ಲಿ 55ರವರು 55ರವರ ಜತೆ, 70ರವರು 70ರವರ ಜತೆ.

ಹಾಗಾಗಿ ಚರಿತ್ರೆಯಲ್ಲಿ ಮೂರು ಉತ್ತರ ಸಿಕ್ಕವು. ಡಿಪ್ಸಿ ಹೇಳುತ್ತದೆ: ಮುಂಚೆ ಕಳಿಸಿ, ಜತೆಗೆ ಓಡಿಸಿ. ವಿಶ್ವ ಕೂಟ ಹೇಳುತ್ತದೆ: ಓರಗೆಯವರ ಜತೆ ಓಡಿಸಿ. ನೇಲರ್ ಹೆಸರಿನ ಸವಾಲು ಹೇಳುತ್ತದೆ: ಗುಡ್ಡ ಅದೇ ಇರಲಿ, ಗಡಿಯಾರ ಬದಲಾಯಿಸಿ. ನಾಲ್ಕನೆಯದು ನಮ್ಮಲ್ಲಿ ಈಗ ಹೆಚ್ಚಾಗಿ ಕಾಣುವಂಥದ್ದು: ಅಂಕಲ್, ಜೀಪ್ ಹತ್ರಿ.

ಓಟ ನಡೆಸುವವರ ಕಷ್ಟವೂ ಇದೆ, ಅದನ್ನು ಮರೆಯೋದು ಬೇಡ. ಕತ್ತಲಾಗುವ ಮೊದಲು ಎಲ್ಲರನ್ನೂ ಕಾಡಿನಿಂದ ಹೊರಗೆ ತರಬೇಕು. ಅರಣ್ಯ ಇಲಾಖೆಯ ಅನುಮತಿಗೆ ಸಮಯದ ಮಿತಿ ಇರುತ್ತದೆ. ಸ್ವಯಂಸೇವಕರೂ ಮನೆಗೆ ಹೋಗಬೇಕು. ಗಡಿಯಾರವನ್ನು ಹಿಗ್ಗಿಸುತ್ತಾ ಹೋಗೋಕೆ ಆಗಲ್ಲ. ಅದಕ್ಕೇ ನನಗೆ ಡಿಪ್ಸಿಯ ದಾರಿ ನಮ್ಮ ಗುಡ್ಡಗಳಿಗೆ ಸರಿಹೊಂದುತ್ತದೆ ಅನ್ನಿಸುತ್ತದೆ. ಮುಗಿಸುವ ಸಮಯ ಅದೇ ಇರಲಿ, 55 ದಾಟಿದವರನ್ನು ಅರ್ಧ ಗಂಟೆ ಮುಂಚೆ ಬಿಡಿ. ಒಂದು ರೂಪಾಯಿ ಹೆಚ್ಚಿನ ಖರ್ಚಿಲ್ಲ. ನನಗೆ ಬೇಕಾಗಿದ್ದದ್ದು 8 ನಿಮಿಷ.

ಈ ವರ್ಷ ಅದೇ ಓಟಕ್ಕೆ ಮತ್ತೆ ಹೆಸರು ಕೊಟ್ಟಿದ್ದೀನಿ. ಆಯೋಜಕರಿಗೆ ಇದನ್ನೆಲ್ಲ ಬರೆದು ಕಳಿಸಿದ್ದೀನಿ, ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ ದೇವರಗುಡ್ಡದಲ್ಲಿ ಇಳಿಜಾರಿನ ಅಭ್ಯಾಸ, ಎರಡು ದಿನ ಬಯಲಲ್ಲಿ ನಿಧಾನ ಓಟ, ಒಂದು ದಿನ ತೊಡೆಗೆ ಕಸರತ್ತು, ಉಳಿದದ್ದು ವಿಶ್ರಾಂತಿ. ಹೃದಯ ತಪಾಸಣೆ ಮಾಡಿಸಿಕೊಂಡೇ ಶುರು ಮಾಡಿದ್ದೀನಿ. 40 ದಾಟಿದ ಯಾರೇ ಆಗಲಿ, ಮೊದಲು ಅದನ್ನು ಮಾಡಿಸಿ.

ಕೇಳ್ತಿರೋ ತಮ್ಮ ತಂಗಿಯರಿಗೆ ಒಂದು ಕೆಲಸ ಕೊಡ್ತೀನಿ. ಮುಂದಿನ ಸಲ ನೀವು ಯಾವುದಾದರೂ ಓಟಕ್ಕೆ ಆನ್‌ಲೈನ್ ಅರ್ಜಿ ತುಂಬುವಾಗ ವಯೋಗುಂಪಿನ ಪಟ್ಟಿಯನ್ನು ಕೊನೆಯವರೆಗೂ ಓದಿ. ಅದು 45ಕ್ಕೇ ನಿಂತಿದ್ದರೆ ಆಯೋಜಕರಿಗೆ ಒಂದು ಮೆಸೇಜ್ ಹಾಕಿ, ಯಾಕೆ ಅಂತ ಕೇಳಿ. ನಾವು ಕೇಳಿದರೆ ಮುದುಕರ ಗೊಣಗಾಟ ಅಂತಾರೆ, ನೀವು ಕೇಳಿದರೆ ಉತ್ತರ ಬರುತ್ತದೆ. ಮೂವತ್ತು ವರ್ಷ ಆದಮೇಲೆ ಆ ಪಟ್ಟಿಯಲ್ಲಿ ಹುಡುಕೋದು ನಿಮ್ಮದೇ ವಯಸ್ಸನ್ನ.